ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದಾರಿ ಎಷ್ಟು, ಹೊತ್ತು ಎಷ್ಟು?

ಮಕ್ಕಳ ಮನೆಗೆಂದು ಅಮೆರಿಕದ ಪಶ್ಚಿಮ ಕರಾವಳಿಗೆ ಹೊರಟಿರುವ ಓದುಗರಿಂದ ಬಂದ ಪ್ರಶ್ನೆಗಳನ್ನೂ, ಅದೇ ದಾರಿಯ ಬಗ್ಗೆ ಕುತೂಹಲದಿಂದ ಕೇಳಿದ ಇನ್ನು ಕೆಲವರ ಪ್ರಶ್ನೆಗಳನ್ನೂ ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಳ್ಳಲಾಗಿದೆ.

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ಮೊದಲ ಬಾರಿಗೆ ಸ್ಯಾನ್ ಫ್ರಾನ್ಸಿಸ್ಕೊ ಬಳಿ ಇರುವ ಮಗಳ ಮನೆಗೆ ಹೊರಡುವವರಿದ್ದೇವೆ. ಬೆಂಗಳೂರಿನಿಂದ ಅಲ್ಲಿಗಿರುವ ದೂರವನ್ನು ಒಂದು ಕಡೆ 14,000, ಇನ್ನೊಂದು ಕಡೆ 8,700, ಮತ್ತೊಂದು ಕಡೆ 7,550 ಎಂದು ಕೊಟ್ಟಿದ್ದಾರೆ. ಮಗಳು ಕಳಿಸಿದ ಚಳಿಗಾಲದ ಮಾದರಿ ವೇಳಾಪಟ್ಟಿಯ ಪ್ರಕಾರ ಸೋಮವಾರ ಮಧ್ಯಾಹ್ನ 2 ಗಂಟೆಗೆ ಇಲ್ಲಿಂದ ಹೊರಟರೆ ಸೋಮವಾರವೇ ಸಂಜೆ 4.30ಕ್ಕೆ ಅಲ್ಲಿ ಇಳಿಯುತ್ತೇವೆ. ಬರುವಾಗ ಸೋಮವಾರ ರಾತ್ರಿ 8.30ಕ್ಕೆ ಹೊರಟರೆ ಬುಧವಾರ ನಸುಕಿನ 3.30ಕ್ಕೆ ಬೆಂಗಳೂರು. ಹೋಗಲು ಎರಡೂವರೆ ಗಂಟೆ, ಬರಲು ಮೂವತ್ತೊಂದು ಗಂಟೆ ಎಂದರೆ ಏನು ಅರ್ಥ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಮೊದಲು ದೂರದ ಮಾತು. ನೀವು ಕಂಡ ಮೂರು ಅಂಕಿಗಳೂ ಒಂದೇ ದೂರವನ್ನು ಹೇಳುತ್ತವೆ. ಸುಮಾರು 14,000 ಕಿಲೋಮೀಟರ್ ಎಂಬುದನ್ನು ಅಮೆರಿಕದಲ್ಲಿ ಬಳಕೆಯಲ್ಲಿರುವ ಮೈಲಿಗೆ ತಿರುಗಿಸಿದರೆ 8,700 ಆಗುತ್ತದೆ. ಹಡಗು ಮತ್ತು ವಿಮಾನದವರು ಬಳಸುವ ನಾಟಿಕಲ್ ಮೈಲಿಗೆ, ಅಂದರೆ 1,852 ಮೀಟರಿಗೆ ಒಂದರಂತೆ, ತಿರುಗಿಸಿದರೆ 7,550ರ ಆಸುಪಾಸಿಗೆ ಬರುತ್ತದೆ. ಅಂಕಿಯ ಪಕ್ಕದಲ್ಲಿರುವ ಮಾನವನ್ನು ಬಿಟ್ಟು ಅಂಕಿಯನ್ನಷ್ಟೇ ನೋಡಿದ್ದರಿಂದ ಗೊಂದಲವಾಗಿದೆ. ಇದಲ್ಲದೆ ಹತ್ತಿಪ್ಪತ್ತು ಕಿಲೋಮೀಟರುಗಳ ಸಣ್ಣ ವ್ಯತ್ಯಾಸಗಳೂ ನಿಮಗೆ ಕಾಣಬಹುದು. ಭೂಮಿಯನ್ನು ಪೂರ್ಣ ಗೋಳವೆಂದು ಹಿಡಿದವರ ಲೆಕ್ಕಕ್ಕೂ, ಧ್ರುವಗಳಲ್ಲಿ ಅದು ತುಸು ಚಪ್ಪಟೆಯಾಗಿರುವುದನ್ನು ಗಣನೆಗೆ ತೆಗೆದುಕೊಂಡವರ ಲೆಕ್ಕಕ್ಕೂ ಅಷ್ಟು ವ್ಯತ್ಯಾಸ ಸಹಜ; ಒಬ್ಬರು ದೇವನಹಳ್ಳಿ ಬಳಿಯ ವಿಮಾನ ನಿಲ್ದಾಣದಿಂದ ಅಳೆದರೆ ಇನ್ನೊಬ್ಬರು ನಗರದ ನಡುವಿನಿಂದ ಅಳೆಯುತ್ತಾರೆ. ಭೂಮಿಯ ಸುತ್ತಳತೆಯೇ ಸುಮಾರು 40,000 ಕಿಲೋಮೀಟರ್ ಆಗಿರುವುದರಿಂದ, ನೆಲದ ಮೇಲಿನ ಯಾವ ಎರಡು ಊರುಗಳೂ ಅದರ ಅರ್ಧವಾದ 20,000 ಕಿಲೋಮೀಟರಿಗಿಂತ ಹೆಚ್ಚು ದೂರ ಇರುವುದು ಸಾಧ್ಯವಿಲ್ಲ. ನಿಮ್ಮ ಮಗಳ ಊರು ಆ ಗರಿಷ್ಠ ದೂರದ ಹತ್ತರಲ್ಲಿ ಏಳು ಪಾಲಿನಷ್ಟು ಆಚೆಗಿದೆ.

ಇನ್ನು ಹೊತ್ತಿನ ಲೆಕ್ಕ. ವೇಳಾಪಟ್ಟಿಯಲ್ಲಿ ಹೊರಡುವ ಸಮಯವನ್ನು ಹೊರಡುವ ಊರಿನ ಗಡಿಯಾರದಿಂದಲೂ, ತಲುಪುವ ಸಮಯವನ್ನು ತಲುಪುವ ಊರಿನ ಗಡಿಯಾರದಿಂದಲೂ ಬರೆಯುತ್ತಾರೆ. ಎರಡು ಬೇರೆ ಗಡಿಯಾರಗಳ ಅಂಕಿಗಳನ್ನು ನೇರವಾಗಿ ಕಳೆಯುವುದೇ ಇಲ್ಲಿರುವ ತೊಡಕು. ಚಳಿಗಾಲದಲ್ಲಿ ಭಾರತದ ಗಡಿಯಾರ ಸ್ಯಾನ್ ಫ್ರಾನ್ಸಿಸ್ಕೊಗಿಂತ 13 ಗಂಟೆ 30 ನಿಮಿಷ ಮುಂದಿರುತ್ತದೆ. ಆದ್ದರಿಂದ ಅಲ್ಲಿ ಸೋಮವಾರ ಸಂಜೆ 4.30 ಆದಾಗ ಹಾಸನದಲ್ಲಿ ಮಂಗಳವಾರ ಬೆಳಿಗ್ಗೆ 6 ಗಂಟೆ. ಸೋಮವಾರ ಮಧ್ಯಾಹ್ನ 2ರಿಂದ ಮಂಗಳವಾರ ಬೆಳಿಗ್ಗೆ 6ರವರೆಗೆ ಎಣಿಸಿದರೆ 16 ಗಂಟೆಗಳು. ಹೋಗುವಾಗಿನ ನಿಜವಾದ ಅವಧಿ ಅದು. ಬರುವಾಗ ಅಲ್ಲಿಯ ಸೋಮವಾರ ರಾತ್ರಿ 8.30 ಎಂದರೆ ನಮ್ಮಲ್ಲಿ ಮಂಗಳವಾರ ಬೆಳಿಗ್ಗೆ 10 ಗಂಟೆ. ಅಲ್ಲಿಂದ ಬುಧವಾರ ನಸುಕಿನ 3.30ಕ್ಕೆ ಹದಿನೇಳೂವರೆ ಗಂಟೆ. ಎರಡೂ ಸಮಯಗಳನ್ನು ಭಾರತದ ಸಮಯಕ್ಕೆ ತಂದುಕೊಂಡು ಅನಂತರ ಕಳೆಯುವ ಈ ಕ್ರಮ ಒಂದೇ ಸಾಕು, ಬೇರೆ ಸೂತ್ರ ಬೇಕಿಲ್ಲ. ನಿಮ್ಮ ಲೆಕ್ಕವನ್ನು ನೀವೇ ತಾಳೆ ನೋಡಬೇಕೆಂದರೆ ಹೋಗಿಬರುವ ಎರಡು ಪ್ರಯಾಣಗಳನ್ನು ಕೂಡಿಸಿ. ನೀವು ಬರೆದಿರುವ ಎರಡೂವರೆ ಮತ್ತು ಮೂವತ್ತೊಂದು ಕೂಡಿದರೆ ಮೂವತ್ತಮೂರೂವರೆ. ಹದಿನಾರು ಮತ್ತು ಹದಿನೇಳೂವರೆ ಕೂಡಿದರೂ ಅಷ್ಟೇ. ಹೋಗುವಾಗ ಗಡಿಯಾರ ಕೊಟ್ಟಂತೆ ತೋರುವ ಹದಿಮೂರೂವರೆ ಗಂಟೆಯನ್ನು ಬರುವಾಗ ಅದೇ ಗಡಿಯಾರ ವಸೂಲು ಮಾಡಿಕೊಳ್ಳುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಸೇರಿಸಬೇಕು. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟು, ನವೆಂಬರ್ ತಿಂಗಳ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಹೀಗಾಗಿ ಬೇಸಿಗೆಯಲ್ಲಿ ಅಂತರ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ. ಫೆಬ್ರವರಿಯಲ್ಲಿ ಹೋಗಿ ಜೂನ್‌ನಲ್ಲಿ ಮರಳುವವರು ಎರಡು ಬೇರೆ ಅಂತರಗಳಿಂದ ಲೆಕ್ಕ ಹಾಕಬೇಕಾಗುತ್ತದೆ. ಭಾರತದ ಸಮಯ ಮಾತ್ರ ವರ್ಷವಿಡೀ ಒಂದೇ.

ವೇಳಾಪಟ್ಟಿಯ 16 ಗಂಟೆಯಷ್ಟೂ ಆಕಾಶದಲ್ಲಿಯೇ ಕಳೆಯುವುದಿಲ್ಲ. ವಿಮಾನ ತನ್ನ ನಿಲುಗಡೆಯನ್ನು ಬಿಟ್ಟ ಗಳಿಗೆಯಿಂದ ಇನ್ನೊಂದು ನಿಲ್ದಾಣದಲ್ಲಿ ನಿಲುಗಡೆಗೆ ಬಂದು ನಿಲ್ಲುವವರೆಗಿನ ಹೊತ್ತು ಅದು. ರನ್‌ವೇಗೆ ಹೋಗುವ, ಸರತಿಗೆ ಕಾಯುವ, ಇಳಿದ ಮೇಲೆ ನೆಲದಲ್ಲಿ ಸಾಗುವ ನಿಮಿಷಗಳೂ ಅದರೊಳಗೇ ಸೇರಿರುತ್ತವೆ. ಹಾಸನದ ಮನೆಯ ಬಾಗಿಲಿನಿಂದ ಎಣಿಸುವುದಾದರೆ ಬೆಂಗಳೂರಿನ ಆಚೆ ದಿಕ್ಕಿನಲ್ಲಿರುವ ವಿಮಾನ ನಿಲ್ದಾಣಕ್ಕೆ ನಗರದ ದಟ್ಟಣೆಯನ್ನೂ ಸೇರಿಸಿ ಸುಮಾರು ಐದು ಗಂಟೆ, ಅಲ್ಲಿ ಮುಂಚಿತವಾಗಿ ಇರಬೇಕಾದ ಮೂರು ಗಂಟೆ, ಇಳಿದ ಮೇಲೆ ಇಮಿಗ್ರೇಷನ್ ಸಾಲಿನಲ್ಲಿ ಒಂದೆರಡು ಗಂಟೆ ಎಂದು ಇಟ್ಟುಕೊಳ್ಳಿ. ಮಗಳಿಗೆ ತಿಳಿಸಬೇಕಾದ ಅಂಕಿ ಹದಿನಾರಲ್ಲ, ಇಪ್ಪತ್ತಾರರ ಆಸುಪಾಸು.

ಪ್ರಶ್ನೆ: ಗೋಡೆಯ ಭೂಪಟದಲ್ಲಿ ಅಮೆರಿಕ ನಮ್ಮ ಎಡಕ್ಕೆ, ಅರಬ್ಬೀ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ದಾಟಿದ ಮೇಲೆ ಇದೆ. ಆದರೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನ ಬಲಕ್ಕೆ, ಚೀನಾ ಮತ್ತು ಜಪಾನ್ ಕಡೆಗೆ ತಿರುಗುತ್ತದೆಂದೂ, ಮೊದಲ ವಿಮಾನ ಉತ್ತರ ಧ್ರುವದ ಮೇಲೆ ಹಾರಿ ಬಂದಿತೆಂದೂ ಕೇಳಿದ್ದೇನೆ. ನಿಜವಾದ ದಾರಿ ಯಾವುದು?
– ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ದುಂಡಗಿನ ನೆಲವನ್ನು ಚಪ್ಪಟೆ ಹಾಳೆಯ ಮೇಲೆ ಹರಡುವಾಗ ಧ್ರುವದ ಬಳಿಯ ಪ್ರದೇಶಗಳು ಹಿಗ್ಗಿಹೋಗುತ್ತವೆ, ಆ ಹಾಳೆಯ ಮೇಲೆ ಅಳತೆಪಟ್ಟಿ ಇಟ್ಟು ಎಳೆದ ಗೆರೆ ಸಾಮಾನ್ಯವಾಗಿ ಹತ್ತಿರದ ದಾರಿಯಾಗುವುದಿಲ್ಲ. ಕಾಲೇಜಿನಲ್ಲಿ ಭೂಗೋಳದ ಮಾದರಿ ಇದ್ದರೆ ಬೆಂಗಳೂರಿನ ಮೇಲೆ ದಾರದ ಒಂದು ತುದಿಯನ್ನು ಒತ್ತಿ ಹಿಡಿದು ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊದವರೆಗೆ ಬಿಗಿಯಾಗಿ ಎಳೆದು ನೋಡಿ. ದಾರ ಎಡಕ್ಕೂ ಹೋಗುವುದಿಲ್ಲ, ಬಲಕ್ಕೂ ಹೆಚ್ಚು ಹೋಗುವುದಿಲ್ಲ. ಉತ್ತರದಿಂದ ಸುಮಾರು 20 ಡಿಗ್ರಿ ಪೂರ್ವಕ್ಕೆ ವಾಲಿಕೊಂಡು ಹೊರಟು ನೇಪಾಳ, ಟಿಬೆಟ್, ಮಂಗೋಲಿಯದ ಪಶ್ಚಿಮ ಭಾಗ ಮತ್ತು ಸೈಬೀರಿಯಗಳನ್ನು ಹಾದು, ರಷ್ಯಾದ ಈಶಾನ್ಯ ಕರಾವಳಿಯ ಬಳಿ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೇಲಿಂದ ದಕ್ಷಿಣಕ್ಕೆ ಇಳಿಯುತ್ತದೆ. ಮೊದಲ ಉತ್ತರದಲ್ಲಿ ಹೇಳಿದ 14,000 ಕಿಲೋಮೀಟರ್ ಈ ದಾರದ ಉದ್ದ. ಅದು ಯುರೋಪನ್ನು ಮುಟ್ಟುವುದಿಲ್ಲ, ಧ್ರುವವನ್ನೂ ಮುಟ್ಟುವುದಿಲ್ಲ.

ಆದರೆ ವಿಮಾನಗಳು ಈ ದಾರದ ಮೇಲೆ ಸಾಗುವುದಿಲ್ಲ ಎನ್ನುವಲ್ಲಿಯೇ ವಿಷಯದ ಸ್ವಾರಸ್ಯವಿದೆ. ಮೊದಲ ಅಡ್ಡಿ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಏಕಾಏಕಿ ಕುಸಿದರೆ ಪೈಲಟ್ ಕೂಡಲೇ ಸುಮಾರು 10,000 ಅಡಿಗೆ, ಅಂದರೆ ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಯಬೇಕು. ಪ್ರಯಾಣಿಕರ ತಲೆಯ ಮೇಲಿಂದ ಇಳಿಬೀಳುವ ಮುಖವಾಡಗಳಲ್ಲಿ ಆಮ್ಲಜನಕ ಸಾಮಾನ್ಯವಾಗಿ ಹದಿನೈದು ನಿಮಿಷದ ಆಸುಪಾಸಿನಷ್ಟು ಮಾತ್ರ ಇರುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ನಾಲ್ಕೂವರೆ ಕಿಲೋಮೀಟರಿನಷ್ಟಿರುವಾಗ ಮೂರು ಕಿಲೋಮೀಟರಿಗೆ ಇಳಿಯುವುದು ಎಲ್ಲಿಗೆ? ಆದ್ದರಿಂದ ಬಹುತೇಕ ವಿಮಾನಗಳು ಆ ನೆಲವನ್ನು ಬಳಸಿ, ಬಂಗಾಳ ಕೊಲ್ಲಿ ಮತ್ತು ಮ್ಯಾನ್ಮಾರ್ ಕಡೆಯಿಂದ ಪೂರ್ವಕ್ಕೋ, ಇನ್ನೊಂದು ಬದಿಯಲ್ಲಿ ಪಶ್ಚಿಮಕ್ಕೋ ಸುತ್ತುತ್ತವೆ.

ಎರಡನೆಯದು ಗಾಳಿ, ಅದರ ವಿಚಾರ ಮುಂದಿನ ಉತ್ತರದಲ್ಲಿದೆ. ಮೂರನೆಯದು ಎರಡು ಎಂಜಿನ್ನುಗಳ ವಿಮಾನಕ್ಕಿರುವ ಕಟ್ಟುಪಾಡು. ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದ ಗೊತ್ತುಪಡಿಸಿದ ಅವಧಿಯೊಳಗೆ ತಲುಪಬಹುದಾದ ನಿಲ್ದಾಣವೊಂದು ದಾರಿಯ ಪ್ರತಿಯೊಂದು ಹಂತದಲ್ಲಿಯೂ ಇರಲೇಬೇಕು. ಇದು ಕಾಗದದ ಮೇಲಿನ ನಿಯಮವಷ್ಟೇ ಅಲ್ಲ ಎಂಬುದು 2023ರ ಜೂನ್ 6ರಂದು ಕಂಡಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾದ ಬೋಯಿಂಗ್ 777 ಒಂದು ಎಂಜಿನ್ನಿನ ತೊಂದರೆಯಿಂದಾಗಿ ರಷ್ಯಾದ ಪೂರ್ವ ಅಂಚಿನ ಮಗದಾನ್ ಎಂಬ ಊರಿನಲ್ಲಿ ಸುರಕ್ಷಿತವಾಗಿ ಇಳಿಯಿತು. 216 ಪ್ರಯಾಣಿಕರನ್ನು ಕರೆದೊಯ್ಯಲು ಬದಲಿ ವಿಮಾನವನ್ನು ಅಲ್ಲಿಗೆ ಕಳಿಸಬೇಕಾಯಿತು. ದೆಹಲಿಗೂ ಕ್ಯಾಲಿಫೋರ್ನಿಯಕ್ಕೂ ನಡುವೆ ಮಗದಾನ್ ಬರುತ್ತದೆಂದು ಗೋಡೆಯ ಭೂಪಟ ನೋಡಿ ಯಾರೂ ಊಹಿಸಲಾರರು. ನಾಲ್ಕನೆಯ ಅಡ್ಡಿ ರಾಜಕೀಯ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ತೊಡಗಿದ ಮೇಲೆ ಅಮೆರಿಕ ಮತ್ತು ಯುರೋಪಿನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿತು, ಭಾರತದ ಸಂಸ್ಥೆಗಳಿಗೆ ಮುಚ್ಚಲಿಲ್ಲ; 2025ರ ಏಪ್ರಿಲ್‌ನಿಂದ ಪಾಕಿಸ್ತಾನದ ಆಕಾಶ ಭಾರತದ ವಿಮಾನಗಳಿಗೆ ಮುಚ್ಚಿದ್ದರಿಂದ ದೆಹಲಿಯಿಂದ ಪಶ್ಚಿಮಕ್ಕೆ ಹೊರಡುವ ದೂರಪ್ರಯಾಣಗಳು ಉದ್ದವಾದವು. ಒಂದೇ ಎರಡು ಊರುಗಳ ನಡುವಿನ ದಾರಿ ಯಾರ ವಿಮಾನ ಎಂಬುದರ ಮೇಲೂ ಬದಲಾಗುತ್ತದೆ.

ನೀವು ಕೇಳಿರುವ ಮೊದಲ ವಿಮಾನ 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು 11ರ ಬೆಳಗಿನ ಜಾವ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಬೋಯಿಂಗ್ 777-200 ಎಲ್‌ಆರ್. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲರೂ ಮಹಿಳೆಯರು. ಆ ದಿನ ಅವರು ಉತ್ತರ ಧ್ರುವದ ಮೇಲಿನ ದಾರಿಯನ್ನು ಹಿಡಿದು ಸುಮಾರು 16,000 ಕಿಲೋಮೀಟರ್ ಹಾರಿದರು. ದಾರ ಎಳೆದು ಅಳೆದ ದೂರಕ್ಕಿಂತ 2,000 ಕಿಲೋಮೀಟರ್ ಹೆಚ್ಚು. ಅಷ್ಟು ಹೆಚ್ಚು ಹಾರಿಯೂ ಅದು ಲಾಭದ ದಾರಿಯಾಗಿತ್ತು, ಏಕೆಂದರೆ ಪೆಸಿಫಿಕ್ ಸಾಗರದ ಮೇಲಿನ ಎದುರುಗಾಳಿಯಿಂದ ಅದು ತಪ್ಪಿಸಿಕೊಂಡಿತ್ತು. ಧ್ರುವದ ಬಳಿ ಬೇರೆ ಬಗೆಯ ಚಿಂತೆಯೂ ಇರುತ್ತದೆ: ಜೆಟ್ ಇಂಧನವು ಅದರ ಬಗೆಗೆ ತಕ್ಕಂತೆ ಸೊನ್ನೆಗಿಂತ 40 ಅಥವಾ 47 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟತೊಡಗುವುದರಿಂದ ರೆಕ್ಕೆಯೊಳಗಿನ ಇಂಧನದ ಉಷ್ಣತೆಯ ಮೇಲೆ ಪೈಲಟ್‌ಗಳು ಕಣ್ಣಿಟ್ಟಿರಬೇಕಾಗುತ್ತದೆ.

ಪ್ರಶ್ನೆ: ಭೂಮಿ ಗಂಟೆಗೆ 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತದೆ. ಹಾಗಿದ್ದರೆ ಪಶ್ಚಿಮಕ್ಕೆ ಹಾರುವ ವಿಮಾನ ಬೇಗ ತಲುಪಬೇಕಲ್ಲವೇ? ಅಮೆರಿಕಕ್ಕೆ ಹೋಗುವುದಕ್ಕಿಂತ ಬರುವುದಕ್ಕೆ ಹೆಚ್ಚು ಹೊತ್ತು ಏಕೆ?
– ಪ್ರೌಢಶಾಲಾ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಬೆಂಗಳೂರಿನ ಅಕ್ಷಾಂಶದಲ್ಲಿ ನೆಲ ಪೂರ್ವಕ್ಕೆ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವುದು ನಿಜ. ಆದರೆ ನೆಲದ ಮೇಲಿನ ಗಾಳಿಯೂ, ರನ್‌ವೇಯಲ್ಲಿ ನಿಂತ ವಿಮಾನವೂ ಅದೇ ವೇಗದಲ್ಲಿ ಅದರೊಡನೆಯೇ ಸಾಗುತ್ತಿರುತ್ತವೆ. ಗಾಳಿ ಹಿಂದೆ ಉಳಿದಿದ್ದರೆ ಶಿವಮೊಗ್ಗದಲ್ಲಿ ಹಗಲಿರುಳೂ 1,600 ಕಿಲೋಮೀಟರ್ ವೇಗದ ಬಿರುಗಾಳಿ ಬೀಸುತ್ತಿರಬೇಕಿತ್ತು. ವಿಮಾನ ಹಾರುವುದು ಗಾಳಿಯನ್ನು ಆಧರಿಸಿ; ಆದ್ದರಿಂದ ಅದರ ಪಾಲಿಗೆ ಲೆಕ್ಕಕ್ಕೆ ಬರುವುದು, ನೆಲಕ್ಕೆ ಹೋಲಿಸಿದರೆ ಆ ಗಾಳಿ ಎತ್ತ, ಎಷ್ಟು ವೇಗದಲ್ಲಿ ಹರಿಯುತ್ತಿದೆ ಎಂಬುದು ಮಾತ್ರ.

ಭೂಮಿಯ ತಿರುಗುವಿಕೆಯ ಪ್ರಭಾವ ಇಲ್ಲವೆಂದಲ್ಲ. ಅದು ಬಳಸುದಾರಿಯಲ್ಲಿ ಬರುತ್ತದೆ. ಸಮಭಾಜಕದ ಬಳಿ ಕಾದ ಗಾಳಿ ಮೇಲೆದ್ದು ಧ್ರುವದ ಕಡೆಗೆ ಸಾಗುವಾಗ ಸಮಭಾಜಕದ ಹೆಚ್ಚಿನ ಪೂರ್ವದಿಕ್ಕಿನ ವೇಗವನ್ನು ತನ್ನೊಡನೆ ಒಯ್ಯುತ್ತದೆ. ಮೇಲಿನ ಅಕ್ಷಾಂಶಗಳಲ್ಲಿ ನೆಲದ ವೇಗ ಕಡಿಮೆಯಾದ್ದರಿಂದ ಆ ಗಾಳಿ ನೆಲವನ್ನು ಮೀರಿ ಪೂರ್ವಕ್ಕೆ ಓಡುತ್ತದೆ. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲಿಯೇ, ಹೀಗೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊನಲುಗಳನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಅವುಗಳ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರುವುದು ಸಾಮಾನ್ಯ. ಉತ್ತರಕ್ಕೂ ದಕ್ಷಿಣಕ್ಕೂ ಉಷ್ಣತೆಯ ಅಂತರ ಚಳಿಗಾಲದಲ್ಲಿ ಹೆಚ್ಚುವುದರಿಂದ ಆಗ ಇವುಗಳ ಬಲವೂ ಹೆಚ್ಚು. ಜಪಾನಿನ ಮೇಲೆ ಮತ್ತು ಪೆಸಿಫಿಕ್ ಸಾಗರದ ಪಶ್ಚಿಮ ಭಾಗದಲ್ಲಿ ಅವು ವಿಶೇಷವಾಗಿ ರಭಸದಿಂದ ಕೂಡಿರುತ್ತವೆ. ಬೆಂಗಳೂರಿನಿಂದ ಹೊರಟ ವಿಮಾನ ಪೂರ್ವಕ್ಕೆ ಸುತ್ತಿ ಹೋಗಿ ಈ ಹೊನಲನ್ನು ಬೆನ್ನಿಗೆ ಹಾಕಿಕೊಳ್ಳುತ್ತದೆ, ಹದಿನಾರು ಗಂಟೆಯಲ್ಲಿ ತಲುಪುತ್ತದೆ. ಮರಳುವಾಗ ಅದೇ ಹೊನಲು ಎದುರು ನಿಲ್ಲುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ ಗಾಳಿಯಿಲ್ಲದಿದ್ದರೆ 9,000 ಕಿಲೋಮೀಟರನ್ನು 10 ಗಂಟೆಯಲ್ಲಿ ಮುಗಿಸುತ್ತದೆ. ಗಂಟೆಗೆ 100 ಕಿಲೋಮೀಟರಿನ ಗಾಳಿ ಬೆನ್ನಿಗಿದ್ದರೆ 9 ಗಂಟೆ ಸಾಕು. ಅದೇ ಗಾಳಿ ಎದುರಾದರೆ 11 ಗಂಟೆ 15 ನಿಮಿಷ ಬೇಕು. ಗಾಳಿಯ ವೇಗ ಒಂದೇ ಆದರೂ ಅದರಿಂದ ಉಳಿಯುವ ಹೊತ್ತಿಗಿಂತ ಕಳೆದುಹೋಗುವ ಹೊತ್ತು ಜಾಸ್ತಿ. ಏಕೆ ಎಂಬುದನ್ನು ನಿಮ್ಮ ಗಣಿತದ ಶಿಕ್ಷಕರೊಡನೆ ಚರ್ಚಿಸಿ. ಎದುರುಗಾಳಿಯಲ್ಲಿ ವಿಮಾನ ಎಷ್ಟು ಹೊತ್ತು ಇರಬೇಕಾಗುತ್ತದೆ ಎಂಬುದರಲ್ಲಿ ಉತ್ತರದ ಸುಳಿವು ಇದೆ.

ಪ್ರಶ್ನೆ: ಪೆಸಿಫಿಕ್ ದಾಟಿ ಹೋದರೆ ಅಂತಾರಾಷ್ಟ್ರೀಯ ದಿನರೇಖೆ ಸಿಗುತ್ತದೆ, ಯುರೋಪಿನ ಮೇಲೆ ಹೋದರೆ ಸಿಗುವುದಿಲ್ಲ. ಹಾಗಾದರೆ ಎರಡು ದಾರಿಗಳಲ್ಲಿ ಹೋದವರಿಗೆ ತಾರೀಕು ಬೇರೆಬೇರೆ ಆಗುವುದಿಲ್ಲವೇ?
– ಓದುಗರು, ಉಡುಪಿ

ಉತ್ತರ: ಆಗುವುದಿಲ್ಲ. ಪೂರ್ವಕ್ಕೆ ಹೋಗುವವರು ವಲಯದಿಂದ ವಲಯಕ್ಕೆ ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತ ಹೋಗಿ ದಿನರೇಖೆಯಲ್ಲಿ ಒಮ್ಮೆಲೇ 24 ಗಂಟೆ ಹಿಂದಕ್ಕೆ ಬರುತ್ತಾರೆ. ಪಶ್ಚಿಮಕ್ಕೆ ಹೋಗುವವರು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತಿರುಗಿಸುತ್ತ ಹೋಗುತ್ತಾರೆ. ಚಳಿಗಾಲದಲ್ಲಿ ಮೊದಲನೆಯವರು ಹತ್ತೂವರೆ ಗಂಟೆ ಮುಂದೆ ಹೋಗಿ 24 ಗಂಟೆ ಹಿಂದೆ ಬಂದರೆ ಉಳಿಯುವುದು ಹದಿಮೂರೂವರೆ ಗಂಟೆಯ ಹಿನ್ನಡೆ, ಎರಡನೆಯವರದೂ ಅಷ್ಟೇ.

ಪ್ರಶ್ನೆ: ಬೆಂಗಳೂರಿನಿಂದ ತಡೆರಹಿತ ವಿಮಾನ ಸಿಗದಿದ್ದರೆ ದೆಹಲಿ, ದುಬೈ, ಫ್ರಾಂಕ್‌ಫರ್ಟ್, ಸಿಂಗಪುರ ಇವುಗಳಲ್ಲಿ ಯಾವ ದಾರಿ ಹತ್ತಿರ? ಅರವತ್ತೈದು ದಾಟಿದವರಿಗೆ ಯಾವುದು ಒಳ್ಳೆಯದು?
– ಗೃಹಿಣಿ, ಮೈಸೂರು

ಉತ್ತರ: ದಾರ ಎಳೆದು ಅಳೆಯುವ ಲೆಕ್ಕದಲ್ಲಿ ದೆಹಲಿಯ ದಾರಿ ಸುಮಾರು 14,100 ಕಿಲೋಮೀಟರ್ ಆಗುತ್ತದೆ, ನೇರ ದೂರಕ್ಕಿಂತ ನೂರು ಕಿಲೋಮೀಟರಿನಷ್ಟು ಮಾತ್ರ ಹೆಚ್ಚು, ಏಕೆಂದರೆ ದೆಹಲಿ ಹೆಚ್ಚುಕಡಿಮೆ ಆ ದಾರಿಯ ಮಗ್ಗುಲಲ್ಲಿಯೇ ಇದೆ. ದುಬೈ ಮೂಲಕ ಸುಮಾರು 15,700, ಫ್ರಾಂಕ್‌ಫರ್ಟ್ ಮೂಲಕ 16,550, ಸಿಂಗಪುರದ ಮೂಲಕ 16,750 ಕಿಲೋಮೀಟರ್. ಆದರೆ ಟಿಕೆಟ್ ಆರಿಸುವಾಗ ಈ ಅಂಕಿಗಳನ್ನು ನೆಚ್ಚಬೇಡಿ ಎಂಬುದು ನಮ್ಮ ಸಲಹೆ. ಸಾವಿರ ಕಿಲೋಮೀಟರ್ ಹೆಚ್ಚಾದರೆ ವಿಮಾನಕ್ಕೆ ಅದು ಒಂದು ಗಂಟೆ ಚಿಲ್ಲರೆಯ ಮಾತು. ನಡುವಿನ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕೆ ಕಾಯುವುದು ಎರಡು ಗಂಟೆಯೋ ಹನ್ನೊಂದು ಗಂಟೆಯೋ ಎಂಬುದರಿಂದಲೇ ಪ್ರಯಾಣದ ಒಟ್ಟು ಅವಧಿ ತೀರ್ಮಾನವಾಗುತ್ತದೆ. ಟಿಕೆಟ್‌ನಲ್ಲಿ ‘ಒಟ್ಟು ಅವಧಿ’ ಎಂದು ಬರೆದಿರುವ ಅಂಕಿಯನ್ನೇ ಹೋಲಿಸಿ ನೋಡಿ. ತಡೆರಹಿತ ವಿಮಾನಗಳ ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ನೆಂಟರು ಹಿಂದೆ ಹೋಗಿಬಂದ ವಿಮಾನ ಈಗಲೂ ಇದೆ ಎಂದು ಭಾವಿಸದೆ ವಿಚಾರಿಸಿಕೊಳ್ಳಿ.

ಹಿರಿಯರ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಇಂಗ್ಲಿಷ್ ಮಾತನಾಡಲು ಅಳುಕುವವರಿಗೆ, ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಓಡಲಾರದವರಿಗೆ ಹದಿನಾರು ಗಂಟೆ ಕುಳಿತೇ ಹೋಗುವುದು ಮೇಲು. ಮೊಣಕಾಲು ನೋವು ಇರುವವರಿಗೂ, ಕಾಲಿನ ರಕ್ತನಾಳದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೂ ನಡುವೆ ಇಳಿದು ನಾಲ್ಕು ಹೆಜ್ಜೆ ಓಡಾಡಲು ಅವಕಾಶವಿರುವ ಪ್ರಯಾಣ ಹಿತವೆನಿಸಬಹುದು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗದೆ ಕುಳಿತರೆ ಆ ಅಪಾಯ ಹೆಚ್ಚುತ್ತದೆ ಎಂಬುದು ವೈದ್ಯರಿಗೆ ತಿಳಿದ ವಿಷಯ, ಆದ್ದರಿಂದ ಅವರನ್ನು ಕೇಳಿಯೇ ನಿರ್ಧರಿಸಿ. ಯಾವ ದಾರಿ ಹಿಡಿದರೂ ಎರಡೂ ವಿಮಾನಗಳು ಒಂದೇ ಟಿಕೆಟ್‌ನಲ್ಲಿ ಇರಲಿ. ಹಾಗಿದ್ದಾಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ವಿಮಾನ ಸಂಸ್ಥೆಯ ಹೊಣೆಯಾಗುತ್ತದೆ. ಅಗ್ಗವೆಂದು ಎರಡು ಟಿಕೆಟ್ ಬೇರೆಬೇರೆಯಾಗಿ ಕೊಂಡವರಿಗೆ ಆ ಆಸರೆ ಇರುವುದಿಲ್ಲ. ವ್ಹೀಲ್‌ಚೇರ್ ಬೇಕಿದ್ದರೆ ಟಿಕೆಟ್ ಕೊಳ್ಳುವಾಗಲೇ ನಮೂದಿಸಿ. ನ್ಯೂಯಾರ್ಕ್‌ನಂತಹ ಅಮೆರಿಕದ ಬೇರೊಂದು ನಗರದಲ್ಲಿ ವಿಮಾನ ಬದಲಿಸುವ ಟಿಕೆಟ್ ಆದರೆ ಇಮಿಗ್ರೇಷನ್ ತಪಾಸಣೆ ಅಲ್ಲಿಯೇ ನಡೆಯುತ್ತದೆ, ಸಾಮಾನ್ಯವಾಗಿ ಲಗೇಜನ್ನೂ ಅಲ್ಲಿ ಪಡೆದು ಮತ್ತೆ ಒಪ್ಪಿಸಬೇಕಾಗುತ್ತದೆ. ಅಂತಹ ಟಿಕೆಟ್‌ನಲ್ಲಿ ನಡುವೆ ಮೂರು ಗಂಟೆಗೂ ಕಡಿಮೆ ಬಿಡುವು ಇದ್ದರೆ ಹಿರಿಯರಿಗೆ ಅದು ಬೇಡ.

ಪ್ರಶ್ನೆ: ನಾನು ರಕ್ತದೊತ್ತಡದ ಮಾತ್ರೆಯನ್ನು ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ತೆಗೆದುಕೊಳ್ಳುತ್ತೇನೆ. ಅಲ್ಲಿ ಹಗಲು ರಾತ್ರಿ ಅದಲುಬದಲಾದಾಗ ಏನು ಮಾಡಬೇಕು?
– ಓದುಗರು, ತುಮಕೂರು

ಉತ್ತರ: ದಿನಕ್ಕೆರಡು ಬಾರಿಯ ಮಾತ್ರೆಯಲ್ಲಿ ಸಮಯದ ಅಂತರ ನಿಮಗೆ ಅನುಕೂಲವಾಗಿಯೇ ಒದಗಿದೆ. ಇಲ್ಲಿಯ ಬೆಳಿಗ್ಗೆ 8 ಗಂಟೆ ಎಂದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಿಂದಿನ ದಿನದ ಸಂಜೆ, ಚಳಿಗಾಲದಲ್ಲಿ 6.30, ಬೇಸಿಗೆಯಲ್ಲಿ 7.30; ಇಲ್ಲಿಯ ರಾತ್ರಿ 8 ಎಂದರೆ ಅಲ್ಲಿಯ ಬೆಳಿಗ್ಗೆ 6.30 ಅಥವಾ 7.30. ವಿಮಾನದಲ್ಲಿ ಕೈಗಡಿಯಾರವನ್ನು ಭಾರತದ ಸಮಯದಲ್ಲಿಯೇ ಬಿಟ್ಟು ಅದರಂತೆ ಮಾತ್ರೆ ತೆಗೆದುಕೊಂಡು ಹೋದರೆ ಇಳಿಯುವ ಹೊತ್ತಿಗೆ ಅಲ್ಲಿಯ ಬೆಳಗು ಸಂಜೆಗಳಿಗೆ ಅದು ಹೆಚ್ಚುಕಡಿಮೆ ಹೊಂದಿಕೊಂಡಿರುತ್ತದೆ. ಬೆಳಗಿನ ಮಾತ್ರೆಯೂ ಸಂಜೆಯ ಮಾತ್ರೆಯೂ ಬೇರೆಬೇರೆಯಾಗಿದ್ದರೆ, ದಿನಕ್ಕೊಂದೇ ಮಾತ್ರೆಯಾಗಿದ್ದರೆ, ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಾಗಿದ್ದರೆ ಈ ಮಾತು ಅನ್ವಯಿಸುವುದಿಲ್ಲ. ಹೊರಡುವ ಮೊದಲು ವೈದ್ಯರಿಂದ ಗಂಟೆಗಳ ಪಟ್ಟಿಯನ್ನೇ ಬರೆಸಿಕೊಳ್ಳಿ. ಔಷಧಗಳನ್ನು ಅವುಗಳ ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಡನೆ, ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ದೊಡ್ಡ ಸೂಟ್‌ಕೇಸ್ ವಿಮಾನದ ಹೊಟ್ಟೆಯೊಳಗೆ ಹೋದ ಮೇಲೆ ಹದಿನಾರು ಗಂಟೆ ಅದು ನಿಮ್ಮ ಕೈಗೆ ಸಿಗುವುದಿಲ್ಲ.